ಅನ್ನಭೇದಿ

ವಾಹಿಯಾವದ ಕೆಂಪು ಒಗೆದರೆ ಹೋಗುವ ಕೆಂಪಲ್ಲ.
ಓಕಿನಾವಾದಿಂದ ತಂದ ಬಿಳಿ ಕಾಲುಚೀಲ
ಮೊದಲ ವಾರವೇ ಇಟ್ಟಿಗೆಯಾಯಿತು.
ಕೂಸಿನ ಅಂಗಾಲು, ಅಕ್ಕಿಯ ಡಬ್ಬಿ, ಕೆಮ್ಮಿದರೆ ಕರವಸ್ತ್ರ,
ಎಲ್ಲಕ್ಕೂ ಒಂದೇ ತುಕ್ಕು.
ಬೊಗಸೆ ಮಣ್ಣು ಕುಲುಮೆಗೆ ಹಾಕಿದರೆ ಒಂದು ಮೊಳೆ ಸಿಕ್ಕೀತು
ಎನ್ನುತ್ತಿದ್ದ, ಲಾಳ ಬಡಿಯುವ ಕಾಹೆಲೆ.

ಅಂಥ ನೆಲದಲ್ಲಿ ಅನಾನಸಿಗೆ
ಕಾಮಾಲೆ.
ಕೆಳಗಿನ ಎಲೆ ಹಸಿರೇ; ನಡುಸುಳಿ ಮಾತ್ರ ಬಿಳಿಚಿ,
ಹಣ್ಣು ಮುಷ್ಟಿಯಷ್ಟಾಗಿ ಬಿರಿದು ನಿಂತಿತ್ತು.
ಗೊಬ್ಬರ ಸುರಿದರು. ಸುಣ್ಣ ಎರಚಿದರು.
ಹಳೆಯ ಲಾಳ, ಮುರಿದ ಗುದ್ದಲಿ ಬುಡದಲ್ಲಿ ಹೂಳಿದರು.
ಮೇಸ್ತ್ರಿ ಫುರ್ತಾಡು ಬೈದ: ಮೊದಲು ಗಿಡವನ್ನು,
ಆಮೇಲೆ ಗುದ್ದಲಿ ಮುರಿದವರನ್ನು.

ಪ್ರಯೋಗಶಾಲೆಯ ತೆಳ್ಳನೆ ಹುಡುಗ ಮಣ್ಣು ಕುದಿಸಿ, ಸೋಸಿ, ಹೇಳಿದ್ದು:
ಇದೇ ಮಣ್ಣಲ್ಲಿ ಮ್ಯಾಂಗನೀಸ್ ಎಂಬ ದಾಯಾದಿ ಇದ್ದಾನೆ.
ಬೇರಿನ ಹೊಸ್ತಿಲಲ್ಲಿ ಕಾಲು ಚಾಚಿ ಕೂತು
ಕಬ್ಬಿಣವನ್ನು ಒಳಗೆ ಬಿಡುವುದಿಲ್ಲ.
ಹಿತ್ತಿಲ ಬಾಗಿಲಿಲ್ಲವೇ? ಎಂದದ್ದು ನಾಬೆ,
ಜಪಾನಿಯೂ ಅಲ್ಲದ ಇಂಗ್ಲಿಷೂ ಅಲ್ಲದ ತೋಟದ ಮಾತಿನಲ್ಲಿ.
ಹುಡುಗ ನಕ್ಕ. ಇದೆ, ಎಂದ. ಎಲೆ.

ಅನ್ನಭೇದಿ: ಗಾಜಿನ ಚೂರಿನಂಥ ತಿಳಿಹಸಿರು ಹರಳು,
ನಾಲಿಗೆಗಿಟ್ಟರೆ ರಕ್ತದ ರುಚಿ.
ಬಕೆಟ್ಟಿನಲ್ಲಿ ಕರಗಿತು. ಮೇಣದ ಮೈಯಿಂದ ಹನಿ ಜಾರದಿರಲೆಂದು
ಚಿಟಿಕೆ ಸಾಬೂನು.
ಒಂದು ತೊಟ್ಟು ಹಾರಿ ನಾಬೆಯ ಚಹಾಕ್ಕೆ ಬಿತ್ತು;
ಚಹಾ ಕಪ್ಪಾಯಿತು, ಶಾಯಿಯಂತೆ.
ಚೆಲ್ಲಿದಳು, ಬುತ್ತಿಯ ಹೊತ್ತಿಗೆ ಇನ್ನೇನು ಕುಡಿಯಲಿ ಎಂದು ಗೊಣಗುತ್ತ.

ಮೊದಲು ಒಂದೇ ಗಿಡ, ಒಂದೇ ಎಲೆ.
ಒಂದು ಗೆರೆ ಎಳೆದು ನೋಡು ಎಂದು ಹುಡುಗ
ಅವಳ ಕೈಗೆ ಕುಂಚ ಕೊಟ್ಟು ನೆರಳಿಗೆ ಹೋದ.
ಗೆರೆ ಎಳೆಯಬೇಕಿತ್ತು.

ಕತ್ತಿನ ಹಿತ್ತಾಳೆ ಬಿಲ್ಲೆಯಲ್ಲಿ ಅವಳು
ನಾಲ್ಕು ಸಾವಿರದ ನಾನೂರ ಹದಿನೇಳು.
ಕೂಲಿಯ ಕಿಟಕಿಯಲ್ಲಿ, ಅಂಗಡಿಯ ಸಾಲದಲ್ಲಿ, ಬೈಗುಳದಲ್ಲೂ ಅದೇ.
ಕಳೆದ ಮಳೆಗಾಲ ಮಗ ಸೇಯ್ತೊಕು ಶಾಲೆಯಿಂದ ಬಂದು
ಒಲೆಯ ಬೂದಿಯಲ್ಲಿ ಎರಡು ಅಕ್ಷರ ಕಲಿಸಿದ್ದ:
ನಾ. ಬೆ.
ಅನಾನಸಿನ ಎಲೆ ಉದ್ದ, ಕಿರಿದು;
ಮೇಲಿಂದ ಕೆಳಗೆ ಬರೆಯುವ ಲಿಪಿಗೆಂದೇ ಕತ್ತರಿಸಿದಂತಿತ್ತು.
ಬರೆದಳು. ಆರಿತು. ಏನೂ ಕಾಣಲಿಲ್ಲ.

ಎಂಟನೆಯ ದಿನ ಫುರ್ತಾಡು ಕೂಗಿದ.
ಹಳದಿ ಎಲೆಯ ಮೇಲೆ ಹಸಿರು ಗೀಚು.
ಅವನಿಗೆ ಓದಲು ಬರುವುದು ಅಂಕಿ ಮಾತ್ರ. ಇದು ಯಾವ ರೋಗ? ಎಂದ.
ಸಾಲಿನ ಹೆಂಗಸರು ಬಗ್ಗಿ ನೋಡಿದರು; ಓದಬಲ್ಲವರಿಬ್ಬರು
ಮುಸುಕಿನೊಳಗೆ ಕೆಮ್ಮಿದರು.
ಹುಡುಗ ಓಡಿ ಬಂದ, ಟೋಪಿ ಬಿದ್ದದ್ದೂ ತಿಳಿಯದೆ.
ಹಸಿರು! ಎಂದ. ಅವನಿಗೆ ಕಂಡದ್ದು ಹಸಿರು.
ಹೆಸರು ಕಂಡವಳು ಕೈಗವಸು ಕಳಚಿ
ಒಂದು ಬೆರಳಿನಿಂದ ಮುಟ್ಟಿದಳು.

ಆಮೇಲೆ ಪೀಪಾಯಿಗಳು ಬಂದವು. ಬೆನ್ನಿಗೆ ಡಬ್ಬಿ, ಕೈಗೆ ಪಂಪು.
ಕಬ್ಬಿಣಕ್ಕೆ ಹಳೆ ಎಲೆಯಿಂದ ಹೊಸ ಎಲೆಗೆ ನಡೆಯಲು ಕಾಲಿಲ್ಲ;
ಸುಳಿಯೊಡೆದಾಗಲೆಲ್ಲ ಮತ್ತೆ ಹನಿ, ಮತ್ತೆ ಸಾಲು,
ರವಿಕೆಯ ಬೆನ್ನಿನಲ್ಲಿ ಸೋರಿ ಒಣಗಿದ ತುಕ್ಕಿನ ಭೂಪಟ.
ಮೂರು ತಿಂಗಳಿಗೆ ಬೆಟ್ಟದ ಬುಡದವರೆಗೂ ಕಡುಹಸಿರು.
ಕೂಲಿ ಇದ್ದಷ್ಟೇ.

ಒಂದು ಭಾನುವಾರ ಮಗನನ್ನು ಕರೆದುಕೊಂಡು ಹೋದಳು
ತೋರಿಸಲೆಂದು: ಏಳನೆಯ ಸಾಲು, ಮುರಿದ ಬಂಡಿಯ ಎದುರು.
ಎಲೆ ಇತ್ತು. ಅವಳೇ ಹೊಡೆದ ಹನಿಗೆ
ಅಕ್ಷರದ ಸುತ್ತಲಿನ ಹಳದಿಯೂ ತುಂಬಿ
ತುದಿಯಿಂದ ಬುಡದವರೆಗೆ ಒಂದೇ ಬಣ್ಣ.

ಎಲ್ಲಿ? ಎಂದ ಸೇಯ್ತೊಕು.

ಅವನ ಬೆರಳು ಹಿಡಿದು, ಮುಳ್ಳು ತಾಗದಂತೆ,
ಮೇಲಿಂದ ಕೆಳಗೆ ಎಳೆದಳು.